ಪಟ್ಟೆ ಪಾದೆಯ ಪರವಾಗಿ ಅರ್ಜಿ

ಕಲ್ಲಿನ ಪರವಾಗಿ ಅರ್ಜಿ ಹಿಡಿದು ಅಲೆಯುವವನಿಗೆ ನಮ್ಮ ಕಡೆ ನಗುವುದಕ್ಕೆ ಬರಗಾಲವಿಲ್ಲ. ಸಿಟ್ಟಿಗಂತೂ ಇಲ್ಲವೇ ಇಲ್ಲ.

ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಬಂಟ್ವಾಳ ತಾಲೂಕಿನಲ್ಲಿ, ಬೆಳ್ತಂಗಡಿಯ ಗಡಿಗೆ ತಾಗಿ, ಸರಕಾರಿ ಜಾಗದಲ್ಲಿ ಒಂದು ಪಾದೆ ಇದೆ. ದೊಡ್ಡ ಹಾಸುಬಂಡೆ. ಅದರ ಒಂದು ತುದಿಯಲ್ಲಿ ಕಪ್ಪು ಬಿಳಿ ಪಟ್ಟೆಗಳು ಸೀರೆಯ ನೆರಿಗೆಯ ಹಾಗೆ ಮಡಚಿಕೊಂಡಿವೆ. ಭೂಮಿಯೊಳಗಿನ ಬಿಸಿಗೆ ಕಲ್ಲೂ ಬಾಗುತ್ತದೆ ಎಂದು ತೋರಿಸಲು ಪ್ರತಿವರ್ಷ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದೆ. ಸುತ್ತಲಿನ ಬಂಡೆಗಳೆಲ್ಲ ಕ್ವಾರಿಗೆ ಹೋದ ಮೇಲೆ, ಇದೊಂದನ್ನಾದರೂ ಉಳಿಸಬೇಕೆಂದು ಹೊರಟೆ.

ವಯಸ್ಸು ಹೇಳಿ ಕೆಟ್ಟೆ

ಮೊದಲು ಹೋದದ್ದು ಬಿ.ಸಿ.ರೋಡಿನ ಒಂದು ಸರಕಾರಿ ಕಚೇರಿಗೆ. ಅರ್ಜಿಯಲ್ಲಿ ಈ ಬಂಡೆ ನೂರಾರು ಕೋಟಿ ವರ್ಷ ಹಳೆಯದು ಎಂದು ಹೆಮ್ಮೆಯಿಂದ ಬರೆದಿದ್ದೆ. ಗುಮಾಸ್ತರು ಎರಡು ಸಲ ಓದಿ, ಕಾಗದವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

“ಇಷ್ಟು ಹಳತಾದ್ರೆ ಶಿಥಿಲ ಆಗಿರ್ತದೆ ಮಾಸ್ಟ್ರೇ. ಕೆಡವಲಿಕ್ಕೆ ಬೇರೆ ಫಾರ್ಮ್ ಉಂಟು. ಮಳೆಗಾಲಕ್ಕೆ ಮುಂಚೆ ಕೊಡಿ.”

ಯಾವ ರಾಜ?

ಮೂಡುಬಿದಿರೆ ಕಡೆಯಲ್ಲಿ ಒಬ್ಬ ಇತಿಹಾಸಪ್ರೇಮಿ ಇದ್ದಾರೆ. ಹಳೆಯ ಕಂಬ ಕಂಡರೂ ಕೈಮುಗಿಯುವವರು, ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವವರು. ಅವರ ಒಂದು ಸಹಿ ಬಿದ್ದರೆ ಬಲ ಬರುತ್ತದೆಂದು ಹೋದೆ. ಯಾವ ರಾಜ ಕಟ್ಟಿಸಿದ್ದು ಎಂದು ಕೇಳಿದರು. ಯಾರೂ ಕಟ್ಟಿಸಿಲ್ಲ, ತಾನಾಗಿ ಆದದ್ದು ಎಂದೆ. ಶಾಸನ ಉಂಟಾ ಎಂದರು. ಇಲ್ಲ ಎಂದೆ. ಮನುಷ್ಯ ಹುಟ್ಟುವ ಮೊದಲಿನ ಕಲ್ಲಿಗೆ ರಾಜನನ್ನು ಎಲ್ಲಿಂದ ತರಲಿ? ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಪಾಪ ಕನಿಕರ ಬಂತು.

“ಬೇಜಾರು ಮಾಡ್ಬೇಡಿ. ಮೊದಲು ಅದರ ಮೇಲೆ ಒಂದು ಶಾಸನ ಕೆತ್ತಿಸುವ. ಆಮೇಲೆ ರಕ್ಷಿಸುವ.”

ಕೊನೆಗೂ ಬಂದ ಬೋರ್ಡು

ಅಂತೂ ಚಪ್ಪಲಿ ಸವೆದ ಮೇಲೆ ಆದೇಶ ಬಂತು. ಪಾದೆಯನ್ನು ಯಾರೂ ಮುಟ್ಟುವಂತಿಲ್ಲ, ಅಲ್ಲೊಂದು ಬೋರ್ಡು ಹಾಕಬೇಕು. ಆ ದಿನ ಮನೆಯಲ್ಲಿ ಪಾಯಸ ಮಾಡಿಸಿದೆ.

ಬೋರ್ಡು ಹಾಕಿದರೆಂದು ತಿಳಿದ ಮರುದಿನವೇ ಬಸ್ಸು ಹತ್ತಿ ಹೋದೆ. ಆಳೆತ್ತರದ ಹಸಿರು ಬೋರ್ಡು, ಬುಡಕ್ಕೆ ದಪ್ಪ ಕಾಂಕ್ರೀಟು. ನೆರಿಗೆಯಿದ್ದ ತುದಿ ಮಾತ್ರ ಇರಲಿಲ್ಲ. ಅದನ್ನೇ ಒಡೆದು, ಜಲ್ಲಿ ಮಾಡಿ, ಕಾಂಕ್ರೀಟಿಗೆ ಹಾಕಿದ್ದರು. ಕಪ್ಪು ಬಿಳಿ ಚೂರುಗಳು ಸಿಮೆಂಟಿನೊಳಗಿಂದ ಕಾಣುತ್ತಿದ್ದವು.

ಬೋರ್ಡಿನ ಗುತ್ತಿಗೆದಾರ ಅಲ್ಲೇ ನಿಂತು ಕಾಂಕ್ರೀಟಿಗೆ ನೀರು ಹಾಕುತ್ತಿದ್ದ. ಹೊರಗಿನ ಜಲ್ಲಿ ನಂಬುವ ಹಾಗಿಲ್ಲ, ಇಂಥ ಗಟ್ಟಿ ಕಲ್ಲು ತಾಲೂಕಿನಲ್ಲೇ ಇಲ್ಲ ಎಂದು ನನ್ನೆದುರೇ ಹೊಗಳಿದ. ನಾನು ಬೋರ್ಡು ತೋರಿಸಿ, ಓದು ಎಂದು ಗದರಿದೆ. ಅವನು ಗಟ್ಟಿಯಾಗಿ ಓದಿದ: ಈ ಶಿಲೆಗೆ ಹಾನಿ ಮಾಡುವುದು ಶಿಕ್ಷಾರ್ಹ ಅಪರಾಧ.

ಓದಿ ಮುಗಿಸಿ ನನ್ನನ್ನೇ ಸಮಾಧಾನ ಮಾಡಿದ.

“ಅದು ಇನ್ನು ಮುಂದೆ ಬರುವವರಿಗೆ ಮಾಸ್ಟ್ರೇ. ನಾವು ಒಡೆದದ್ದು ಬೋರ್ಡು ಹಾಕುವ ಮೊದಲು.”