ಹುಳು ಮನೆ ಪಕ್ಕದ ಕ್ರಿಸ್‌ಮಸ್

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ನಾನು ಮಂಗಳೂರು ಕಡೆಯವಳು. ಟೀಚರಾಗಿ ಕೋಲಾರಕ್ಕೆ ಬಂದೆ, ನಿವೃತ್ತಿಯಾದ ಮೇಲೆ ಕ್ಯಾಲನೂರಿನಲ್ಲಿ ಬಾಡಿಗೆ ಮನೆ ಹಿಡಿದೆ. ನನ್ನ ಅಡುಗೆಮನೆಗೂ ಮನೆ ಒಡತಿಯ ರೇಷ್ಮೆಹುಳು ಮನೆಗೂ ನಡುವೆ ಒಂದೇ ಗೋಡೆ. ಎಣ್ಣೆ ಕಾಯದೆ, ಕೇಕ್ ಬೇಯದೆ ನನಗೆ ಕ್ರಿಸ್‌ಮಸ್ ಇಲ್ಲ. ಕರಿದ ವಾಸನೆ ತಗುಲಿದರೆ ಹುಳು ಮೇವು ಬಿಡುತ್ತವೆಂದು ಒಡತಿಯ ಮನೆಯವರಿಗೆ ಭಯ.

ಸತ್ತ ಹುಳು

ಮೊದಲ ವರ್ಷ ಅದೃಷ್ಟಕ್ಕೆ ರೇಷ್ಮೆಗೂಡೆಲ್ಲ ಮಾರಿ ಹುಳು ಮನೆ ಖಾಲಿ ಇತ್ತು. ನಾನು ಕುಲ್ಕುಲ್ ಮಾಡಿದೆ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕ ಹಿಡಿಸುವ ತಿಂಡಿ ಅದು. ಆರಲೆಂದು ಒಡತಿ ಹುಳು ಸಾಕುವ ಬಿದಿರು ತಟ್ಟೆಯಲ್ಲೇ ಹರಡಿದೆ.

ಒಡತಿಯ ಅತ್ತೆ ಬಂದರು. ಅಜ್ಜಿಗೆ ಕಣ್ಣು ಮಂಜು. ಒಂದನ್ನೆತ್ತಿ ಒತ್ತಿ ನೋಡಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳ್ಳೆ ಗೂಡಾದರೆ ಒಳಗೆ ಹುಳು ಟಕಟಕ ಅನ್ನಬೇಕು.

“ಗೂಡೇನೋ ಗಟ್ಟಿಯಾಗೈತೆ ಕಣಮ್ಮಾ,” ಅಂದರು ಮರುಕದಿಂದ, “ಒಳಗೆ ಹುಳ ಸತ್ತೋಗೈತೆ.”

ಬಾಚಣಿಗೆ

ಮರುವರ್ಷವೂ ಹುಳು ಮನೆ ಖಾಲಿ ಇತ್ತು. ಕುಲ್ಕುಲ್ ಸುತ್ತಲು ಒಡತಿ ನಾಲ್ಕಾರು ಹೆಂಗಸರನ್ನು ಸಹಾಯಕ್ಕೆ ಕರೆತಂದಳು. “ಬಾಚಣಿಗೆ ಹೊಸದಿರಲಿ” ಎಂದು ಮೊದಲೇ ಹೇಳಿದ್ದೆ. ಎಲ್ಲರೂ ಹೊಸದನ್ನೇ ತಂದಿದ್ದರು. ಒಬ್ಬಳ ಸುರುಳಿಯ ಮೇಲೆ ಮಾತ್ರ ಗೆರೆ ಬಹಳ ನಯವಾಗಿ ಬೀಳುತ್ತಿತ್ತು.

“ಎಷ್ಟು ಚೆನ್ನಾಗಿದೆ! ಯಾವ ಬಾಚಣಿಗೆಯಮ್ಮಾ ಅದು?” ಅಂದೆ.

“ಹೇನಿನ ಬಾಚಣಿಗೆ ಟೀಚರಮ್ಮಾ. ಹೊಸದೇ. ನೆನ್ನೆ ಒಂದ್ಸಲ ಬಾಚಿ ನೋಡ್ದೆ, ಅಷ್ಟೇ.”

ಬಾಯಿ ಮುಚ್ಚಿದ ಅಜ್ಜಿ

ಹೋದ ವರ್ಷ ಮಾತ್ರ ಸಿಕ್ಕಿಬಿದ್ದೆವು. ಹಬ್ಬ ಹತ್ತಿರ ಬಂದಾಗಲೇ ಹುಳು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು.

“ಈಗ ಎಣ್ಣೆ ಇಟ್ರೆ ನಾವು ಕೆಟ್ವಿ ಟೀಚರಮ್ಮಾ,” ಅಂದಳು ಒಡತಿ.

“ಇಡಲ್ಲ ಬಿಡಮ್ಮಾ,” ಅಂದೆ. ಕೇಕಿಗೆಂದು ನೆನೆಸಿಟ್ಟ ದ್ರಾಕ್ಷಿಯ ಡಬ್ಬಿಯನ್ನು ತೆರೆದು, ಒಮ್ಮೆ ಮೂಸಿ, ಮುಚ್ಚಿಟ್ಟೆ. ಅವಳು ಅದನ್ನು ನೋಡಿದಳೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ನನ್ನ ಒಲೆಯನ್ನು ತಾನೇ ಹೊತ್ತು, ಊರಾಚೆಯ ರಾಗಿ ಕಣದಲ್ಲಿಟ್ಟಳು.

ಅಲ್ಲೇ ಕುಲ್ಕುಲ್ ಕರಿದೆವು. ಮರಳು ತುಂಬಿದ ಪಾತ್ರೆಯೊಳಗೆ ಕೇಕ್ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದೆವು. ಮುಚ್ಚಳ ತೆಗೆದದ್ದೇ ತಡ, ಗಾಳಿಗೆ ರಾಗಿ ಹೊಟ್ಟೆಲ್ಲ ಕೇಕಿನ ಮೇಲೆ. ಒಕ್ಕಣೆಗೆ ಬಂದವರು ತಿಂದು, “ಮೇಲೆ ಏನೋ ಉದುರ್ಸಿದೀರಲ್ಲ, ರುಚಿ ಇರೋದೇ ಅದ್ರಲ್ಲಿ” ಅಂದರು.

ವಾಪಸ್ ಬಂದರೆ ಹುಳು ಮನೆ ಬಾಗಿಲಲ್ಲಿ ಅಜ್ಜಿಯ ಕಾವಲು. “ಕೈಕಾಲು ತೊಳೀರಿ! ಸೀರೆ ಬದಲಾಯ್ಸಿ! ಆ ತಿಂಡಿ ಡಬ್ಬಿ ಇತ್ತ ತರಬೇಡಿ!” ಡಬ್ಬಿಯನ್ನು ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದೆವು. ಆ ಸಲದ ರೇಷ್ಮೆ ಬೆಳೆ ಕೊನೆಗೆ ಚೆನ್ನಾಗಿಯೇ ಬಂತು. ಆದರೆ ಆ ಸಂಜೆ ಅದು ಯಾರಿಗೆ ಗೊತ್ತಿತ್ತು?

ಸ್ನಾನ ಮುಗಿಸಿ ಬಂದರೆ ಬಾಗಿಲಲ್ಲಿ ಅಜ್ಜಿ ಇಲ್ಲ, ಜಗಲಿಯಲ್ಲಿ ಡಬ್ಬಿ ಇಲ್ಲ. ಒಡತಿ ಗಾಬರಿಯಿಂದ ಹುಳು ಮನೆಗೆ ನುಗ್ಗಿದಳು, ನಾನು ಹಿಂದೆ. ಹುಳು ತಟ್ಟೆಗಳ ಹಿಂದೆ ಅಜ್ಜಿ ಕೂತಿದ್ದರು. ಮಡಿಲಲ್ಲಿ ಡಬ್ಬಿ, ಕೆನ್ನೆ ಎರಡೂ ಉಬ್ಬಿವೆ.

“ಅತ್ತೇ! ಹುಳುಗೆ ವಾಸ್ನೆ ಆಗಲ್ವಾ?”

ಅಜ್ಜಿ ‘ತಡಿ’ ಎಂದು ಕೈ ತೋರಿಸಿದರು. ಹಲ್ಲಿಲ್ಲದ ಬಾಯಲ್ಲಿ ಸಾವಕಾಶವಾಗಿ ಚೀಪಿ, ನುಂಗಿ, ಸೊಸೆಯನ್ನೇ ದುರುಗುಟ್ಟಿ ನೋಡಿದರು.

“ನಾನು ಬಾಯಿ ಮುಚ್ಕೊಂಡೇ ತಿಂತಿದ್ದೆ. ಈಗ ಮಾತಾಡ್ಸಿ ಬಾಯಿ ಬಿಡಿಸ್ದೋಳು ನೀನು. ಹುಳುಗೇನಾದ್ರೂ ಆದ್ರೆ ನಿನ್ನಿಂದ ಕಣೇ!”