ರೇಡಿಯೋ ಬಾಯಿ ಮುಚ್ಚಿದ ದಿನ

ಆ ಬೆಳಿಗ್ಗೆ ನಿವೃತ್ತ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದು ಒಂದು ಖಾಲಿ ಮನೆಯ ಸುದ್ದಿ ಹೇಳದೆ ಹೋಗಿದ್ದರೆ ಕಟಿಂಗ್ ಶಾಪಿನವನು ತನ್ನ ಪಾಡಿಗೆ ತಾನು ಇರುತ್ತಿದ್ದ.

ಬೀದಿಯವರು ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಅಂಗಡಿಯ ಬಾಗಿಲಿನ ಜೊತೆಗೆ ತೆರೆದುಕೊಂಡ ಅವನ ಬಾಯಿ ಮತ್ತೆ ಬೀಗ ಹಾಕುವ ಹೊತ್ತಿಗೇ ಮುಚ್ಚುತ್ತಿದ್ದದ್ದು. ಗಿರಾಕಿಗಳಲ್ಲಿ ಅರ್ಧ ಜನ ಕೂದಲು ಬೆಳೆಯದಿದ್ದರೂ ಬರುತ್ತಿದ್ದರು, ಕೂತು ಮಾತು ಕೇಳಿ ಹೋಗುತ್ತಿದ್ದರು.

ಅವನ ಸಂಸಾರ ಇದ್ದದ್ದು ಹಿಟ್ಟಿನ ಗಿರಣಿಯ ಹಿಂದಿನ ಒಂದೇ ಕೋಣೆಯಲ್ಲಿ. ಗಂಡ, ಹೆಂಡತಿ, ಮೂರು ಮಕ್ಕಳು, ಅತ್ತೆ. ಗಿರಣಿ ಶುರುವಾದರೆ ಮುಂದಿಟ್ಟ ತಟ್ಟೆ ತಾನಾಗಿಯೇ ಪಕ್ಕದವರ ಕಡೆ ಸರಿಯುತ್ತಿತ್ತು. ದೊಡ್ಡ ಮಗಳು ಪುಸ್ತಕ ಬಿಡಿಸಿದರೆ ಒಂದು ಪುಟ ಓದಿ ಮುಗಿಸುವುದರೊಳಗೆ ಅದರ ಮೇಲೆ ಹಿಟ್ಟು ಕೂತಿರುತ್ತಿತ್ತು. ಈಗ ಗಿರಣಿಯವನಿಗೆ ಎರಡನೇ ಯಂತ್ರ ಇಡಲು ಆ ಕೋಣೆಯೂ ಬೇಕಾಗಿತ್ತು. ತಿಂಗಳ ಕೊನೆಗೆ ಖಾಲಿ ಮಾಡಿ ಅಂದಿದ್ದ. ಉಳಿದದ್ದು ನಾಲ್ಕು ದಿನ. ಊರಿನಲ್ಲಿ ಮನೆಗೇನೂ ಬರವಿರಲಿಲ್ಲ, ಕತ್ತರಿಯ ಸಂಪಾದನೆಗೆ ಎಟುಕುವ ಮನೆಗೆ ಮಾತ್ರ ಬರ.

“ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದಿಷ್ಟು ಜಾಗ,” ಎಂದರು ಪೋಸ್ಟ್‌ಮ್ಯಾನ್. “ಬಾಡಿಗೆ ಬೇರೆ ಕಡೆಯ ಅರ್ಧ. ಯಜಮಾನರು ಒಬ್ಬರೇ ಮುಂದಿನ ಭಾಗದಲ್ಲಿರ್ತಾರೆ. ಇವತ್ತು ಮಗಳ ಊರಿಂದ ಬರ್ತಾರೆ, ಐದು ಗಂಟೆಗೆ ಹೋಗಿ ನೋಡಿ. ನಿನ್ನ ವಿಷಯ ಆಗಲೇ ಹೇಳಿದೀನಿ. ಬಾಡಿಗೆ ಮುಖ್ಯ ಅಲ್ಲ, ಮನುಷ್ಯ ಹಿಡಿಸಬೇಕು ಅಂತಾರೆ.”

ಪೋಸ್ಟ್‌ಮ್ಯಾನ್ ಬೆನ್ನು ತಿರುಗಿಸಿದ್ದೇ ತಡ, ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಕೆರೆ ಹತ್ತಿರದ ಮನೆ ಹೇಗೆ ಹೋಯ್ತು, ನೆನಪಿದೆಯಾ?”

ಅವನು ಚಪ್ಪಲಿ ಹುಡುಕತೊಡಗಿದ.

“ಬಸ್ ಕಂಡಕ್ಟರಿಗೆ ಗಡ್ಡ ಕೆರೀತಾ ಎಲ್ಲಾ ಹೇಳಿದ್ರಿ. ನೀವು ಇಲ್ಲಿ ಕತ್ತಿ ಒರೆಸೋದರೊಳಗೆ ಅವನು ಅಲ್ಲಿ ಹೋಗಿ ಮುಂಗಡ ಕೊಟ್ಟಾಗಿತ್ತು. ಮಾರ್ಕೆಟ್ ಹಿಂದಿನ ಮನೆನೂ ಹಾಗೇ ಹೋಯ್ತು.”

“ಈ ಸಲ ಮನೆ ವಿಷಯ ಎತ್ತಲ್ಲ ಬಿಡೆ.”

“ಯಾವ ವಿಷಯನೂ ಎತ್ತಬೇಡಿ. ನೀವು ಬಿಸಿಲಿಂದ ಶುರು ಮಾಡಿದ್ರೂ ಮನೆಗೇ ಬಂದು ನಿಲ್ಲೋದು. ಐದು ಗಂಟೆ ತನಕ ತುಟಿ ಬಿಚ್ಚಕೂಡದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.” ಅಷ್ಟು ಹೇಳಿ ಸಾಲದೆ ಮಕ್ಕಳಾಣೆಯನ್ನೂ ಹಾಕಿಸಿಕೊಂಡಳು.

ಅಂಗಡಿಯಲ್ಲಿ ಮೊದಲ ಗಿರಾಕಿ ಹೆಡ್‌ಮಾಸ್ತರರು. “ಏನಯ್ಯಾ, ಸೆಖೆ ಜಾಸ್ತಿಯಾಯ್ತಲ್ಲ,” ಎಂದರು. ರೇಡಿಯೋ ತಲೆಯಾಡಿಸಿದ. ಹೆಡ್‌ಮಾಸ್ತರರು ಕನ್ನಡಿಯಲ್ಲಿ ಅವನ ಮುಖ ನೋಡುತ್ತಾ ಕೂತರು. ಮುಂದಿನ ಮಾತು ಬರಲಿಲ್ಲ. “ನನ್ನ ಮೇಲೇನಾದರೂ ಬೇಸರವಾ?” ಎಂದು ಕೇಳಿ, ಅದಕ್ಕೂ ತಲೆಯಾಡಿಸಿದ್ದು ಕಂಡು, ಹೆಗಲ ಮೇಲಿನ ಕೂದಲನ್ನೂ ಕೊಡವದೆ ಎದ್ದುಹೋದರು.

ಎರಡನೆಯವನು ಕಂಟ್ರಾಕ್ಟರ್. ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕತ್ತು ಹಿಂದಕ್ಕೆ ಚಾಚಿ ಆರಾಮವಾಗಿ ಕೂತಿದ್ದ. ದಿನವೂ ಹರಟುವವನು ಕೈಯಲ್ಲಿ ಕತ್ತಿ ಹಿಡಿದು ಸುಮ್ಮನಾದರೆ ಎಂಥ ಗಟ್ಟಿಗನಿಗೂ ಗಂಟಲು ಒಣಗುತ್ತದೆ. ಇವನ ಕತ್ತರಿ ಮೊಂಡು ಎಂದು ಹೋದ ವಾರ ನಾಲ್ಕು ಜನರೆದುರು ತಾನು ಆಡಿದ ಮಾತು ಕಂಟ್ರಾಕ್ಟರಿಗೆ ನೆನಪಾಯಿತು. ಎಡಗೆನ್ನೆ ಮುಗಿದು ಕತ್ತಿ ಗಂಟಲ ಹತ್ತಿರ ಬರುತ್ತಿದ್ದಂತೆ, “ಒಲೆ ಮೇಲೆ ಹಾಲಿಟ್ಟು ಬಂದಿದೀನಿ,” ಎಂದು ಟವೆಲ್ ಸಮೇತ ಬೀದಿಗೆ ಇಳಿದ. ಅರ್ಧ ಗಡ್ಡ, ಅರ್ಧ ನೊರೆಯಲ್ಲಿ ಅವನು ಹೋದ ದಾರಿಯುದ್ದಕ್ಕೂ ಸುದ್ದಿ ಹಬ್ಬಿತು.

ಮೊದಲು ಓಡಿಬಂದವನು ಪಕ್ಕದ ಇಸ್ತ್ರಿ ಅಂಗಡಿಯವನು.

“ಅಣ್ಣ, ಹಲ್ಲು ನೋವಾ? ಅತ್ತಿಗೆ ಜೊತೆ ಜಗಳವಾ? ಗಂಟಲು ಕಟ್ಟಿದೆಯಾ?”

ಮೂರಕ್ಕೂ ಅವನು ಇಲ್ಲವೆಂದು ಕೈಯಾಡಿಸಿದ. ಇಸ್ತ್ರಿಯವನು ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಹೇಳಿದ. “ಅಣ್ಣನಿಗೆ ಮಾತು ನಿಂತುಹೋಗಿದೆ ಕಣ್ರಪ್ಪಾ.”

ಆಮೇಲೆ ಕೇಳಬೇಕೆ? ಔಷಧಿ ಅಂಗಡಿಯಿಂದ ಚೀಪುವ ಗುಳಿಗೆ ಬಂತು. ಹೋಟೆಲಿನಿಂದ ಉಪ್ಪು ಹಾಕಿದ ಬಿಸಿನೀರು ಬಂತು. ಬೆಚ್ಚಿಬಿದ್ದರೆ ಮಾತು ತಾನಾಗಿ ಬರುತ್ತದೆಂದು ಯಾರೋ ಮಹಾನುಭಾವ ಕಾಗದದ ಚೀಲ ಊದಿ ಅವನ ಕಿವಿಯ ಹಿಂದೆ ಢಮ್ಮನೆ ಒಡೆದ. ಆ ಹೊತ್ತಿಗೆ ಕುರ್ಚಿಯಲ್ಲಿದ್ದವನ ನೆತ್ತಿಯ ಮೇಲೆ ಒಂದು ಹಿಡಿಯಷ್ಟು ಜಾಗ ಬೋಳಾಯಿತೇ ಹೊರತು ರೇಡಿಯೋ ಸದ್ದು ಮಾಡಲಿಲ್ಲ. ಕೊನೆಗೆ ಕ್ಲಿನಿಕ್ಕಿನ ಕಾಂಪೌಂಡರ್ ಟಾರ್ಚ್ ತಂದು, “ಆ ಅನ್ನು,” ಎಂದ. ರೇಡಿಯೋ, “ಆ,” ಎಂದ. ಬೆಳಗಿನಿಂದ ಅವನ ಬಾಯಿಂದ ಬಿದ್ದ ಅಕ್ಷರ ಅದೊಂದೇ. ಅದಾದರೂ ಸಿಕ್ಕಿದ್ದಕ್ಕೆ ಅವನಿಗೆ ಎಷ್ಟೋ ಹಗುರವಾಯಿತು.

ನಿಜಕ್ಕೂ ಅವನ ಪಾಡು ಯಾರಿಗೂ ಬೇಡವಾಗಿತ್ತು. ಆಡದೆ ಉಳಿದ ಮಾತುಗಳೆಲ್ಲ ಹೊಟ್ಟೆಯಲ್ಲಿ ಉಬ್ಬರಿಸುತ್ತಿದ್ದವು. ಆದರೂ ಸಹಿಸಿಕೊಂಡ. ಎರಡು ಕೋಣೆಯಲ್ಲಿ ಒಂದರ ಕಿಟಕಿಯ ಪಕ್ಕ ಮಗಳು ಓದುತ್ತಾ ಕೂತಂತೆ, ಪುಸ್ತಕದ ಮೇಲೆ ಬರೀ ಬೆಳಕು ಬಿದ್ದಂತೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ಅದೊಂದು ಮನೆ ಸಿಕ್ಕರೆ ಸಾಕು, ವರ್ಷವಿಡೀ ಬೇಕಾದರೂ ಸುಮ್ಮನಿದ್ದೇನು ಅಂದುಕೊಂಡ.

ಎರಡು ಗಂಟೆಯ ಸುಮಾರಿಗೆ ಕೈಚೀಲ ಹಿಡಿದ ಮುದುಕರೊಬ್ಬರು ಒಳಗೆ ಬಂದರು. ಅವರ ಮುಖ ಈ ಬೀದಿಯದಲ್ಲ.

“ನಿಮ್ಮ ಅಂಗಡಿ ಬಗ್ಗೆ ಬಹಳ ಕೇಳಿದೀನಿ,” ಎಂದು ನಗುತ್ತಾ ಕುರ್ಚಿಯಲ್ಲಿ ಕೂತರು.

ರೇಡಿಯೋ ತಲೆಬಾಗಿದ.

“ಮಕ್ಕಳು ಎಷ್ಟು?”

ಮೂರು ಬೆರಳು ತೋರಿಸಿದ.

“ಮನೆ ಎಲ್ಲಿ?”

ಮನೆಯ ಮಾತು ಬಂದೇಬಿಟ್ಟಿತು. ರೇಡಿಯೋ ತುಟಿಗಳನ್ನು ಬಿಗಿಯಾಗಿ ಕಚ್ಚಿಕೊಂಡು, ಬಾಚಣಿಗೆಯಿಂದ ಮುದುಕರ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದ. ತಲೆ ಬಗ್ಗಿದರೆ ಪ್ರಶ್ನೆ ಕಡಿಮೆಯಾಗುತ್ತದೆ ಎಂಬುದು ಅವನ ಅನುಭವ.

ಬೆಂಚಿನ ಮೇಲೆ ಕೂತಿದ್ದ ಇಸ್ತ್ರಿಯವನಿಗೆ ತಡೆಯಲಾಗಲಿಲ್ಲ. “ಅವನನ್ನ ಕೇಳಬೇಡಿ ಯಜಮಾನ್ರೇ, ಪಾಪ, ಮಾತಿಲ್ಲ. ನನ್ನ ಮನೆ ಕತೆ ಕೇಳಿ. ನಮ್ಮ ಮಾಲೀಕ ರಾತ್ರಿ ಕಾವಲುಗಾರ. ಹಗಲೆಲ್ಲ ಮಲಗಿರ್ತಾನೆ. ನಾನು ಸೀನಿದ್ರೂ ಗೋಡೆ ಬಡೀತಾನೆ. ಆರು ವರ್ಷದಿಂದ ನಾನೂ ನನ್ನ ಹೆಂಡತಿಯೂ ಪಿಸುಪಿಸು ಅಂತಲೇ ಜಗಳ ಆಡಿದೀವಿ. ಪಿಸುಗುಟ್ಟಿಕೊಂಡು ಜಗಳ ಆಡಿದ್ರೆ ಯಾರೂ ಗೆಲ್ಲಲ್ಲ ನೋಡಿ.”

ಮುದುಕರು ಎಷ್ಟು ನಕ್ಕರೆಂದರೆ ರೇಡಿಯೋ ಕತ್ತರಿಯನ್ನು ಮೇಲೆತ್ತಿ ಹಿಡಿದು ನಗು ನಿಲ್ಲುವ ತನಕ ಕಾಯಬೇಕಾಯಿತು. ಕ್ಷೌರ ಮುಗಿದ ಮೇಲೆ ಇಬ್ಬರೂ ಮಾತಾಡುತ್ತಲೇ ಹೊರಗೆ ಹೋದರು. ಪೀಡೆ ತೊಲಗಿತು ಎಂದು ರೇಡಿಯೋ ನಿಟ್ಟುಸಿರು ಬಿಟ್ಟ.

ಐದಕ್ಕೆ ಸರಿಯಾಗಿ ಗಂಡ ಹೆಂಡತಿ ಒಗೆದ ಬಟ್ಟೆ ಉಟ್ಟು ಆ ಮನೆಯ ಗೇಟು ತೆಗೆದರು. ಹೆಂಡತಿ ಒಳಗೆ ಕಾಲಿಡುವ ಮೊದಲೇ ಕಿಟಕಿಗಳನ್ನು ಎಣಿಸಿ ಮುಗಿಸಿದ್ದಳು. ಜಗಲಿಯ ಮೇಲೆ ಹೊಸದಾಗಿ ಕ್ಷೌರ ಮಾಡಿಸಿಕೊಂಡ ಒಂದು ತಲೆ ಕಂಡಿತು. ಅದರ ಪಕ್ಕದಲ್ಲಿ ಇಸ್ತ್ರಿಯವನು ಕೂತಿದ್ದ. ಅವನ ಬೆರಳಿನಲ್ಲಿ ಬೀಗದ ಕೈ ತಿರುಗುತ್ತಿತ್ತು.

“ಓ, ನೀವಾ, ಬನ್ನಿ,” ಎಂದರು ಮುದುಕರು, ಮುಜುಗರದಿಂದ. “ಹಿಂದೆ ಇಲ್ಲಿ ಒಬ್ಬ ಗುಮಾಸ್ತ ಇದ್ದ. ಮೂರು ವರ್ಷದಲ್ಲಿ ಗಂಟೆ ಎಷ್ಟು ಅಂತ ಎರಡು ಸಲ ಕೇಳಿದ, ಅಷ್ಟೇ. ಬಾಡಿಗೆ ಅರ್ಧ ಆದ್ರೂ ಸರಿ, ಸಂಜೆ ನಾಲ್ಕು ಮಾತಾಡೋರು ಬೇಕು ಅಂದ್ಕೊಂಡೆ. ನಿಮ್ಮ ಮಾತು ಕೇಳಬೇಕು ಅಂತಲೇ ಪೋಸ್ಟ್‌ಮ್ಯಾನ್ ಹೇಳಿದ್ದು. ಬಸ್ಸಿಳಿದು ನೆಟ್ಟಗೆ ನಿಮ್ಮ ಅಂಗಡಿಗೇ ಬಂದೆ. ಅರ್ಧ ಗಂಟೆ ಕೂತರೂ ನೀವು ತುಟಿ ಬಿಚ್ಚಲಿಲ್ಲ. ಇವರಿಗೆ ಮಾತು ಕೊಟ್ಟುಬಿಟ್ಟೆ. ಸಾಮಾನೂ ತಂದಾಯ್ತು.”

“ನನಗೇನು ಗೊತ್ತಣ್ಣ?” ಎಂದ ಇಸ್ತ್ರಿಯವನು. “ನೀನು ಒಂದು ಮಾತು ಹೇಳಿದ್ರೆ ನಾನು ಅಡ್ಡ ಬರ್ತಿದ್ನಾ?”

ರೇಡಿಯೋದ ಕಟ್ಟೆ ಒಡೆಯಿತು. ಕೆರೆ ಹತ್ತಿರದ ಮನೆ, ಕಂಡಕ್ಟರನ ಗಡ್ಡ, ಹೆಂಡತಿಯ ಆಣೆ, ಕಂಟ್ರಾಕ್ಟರನ ಅರ್ಧ ಕೆನ್ನೆ, ಟಾರ್ಚು, ಗುಳಿಗೆ, ಹಿಟ್ಟು ಕೂತ ಪುಸ್ತಕ, ಎಲ್ಲವೂ ಒಂದೇ ಉಸಿರಿಗೆ ಹೊರಬಂದವು. ದನಿ ಎದುರು ಮನೆಗೂ ಕೇಳಿಸುವಂತಿತ್ತು. ಇಸ್ತ್ರಿಯವನು ಎರಡು ಸಲ ಅವನ ತೋಳು ಜಗ್ಗಿ, “ಅಣ್ಣ, ಸ್ವಲ್ಪ ನಿಲ್ಸು,” ಎಂದ. ಇಡೀ ದಿನ ನಿಲ್ಲಿಸಿದವನು ಈಗ ಕೇಳುತ್ತಾನೆಯೇ?

ಅವನು ಉಸಿರು ತೆಗೆದುಕೊಳ್ಳಲು ತಡೆದಾಗ ಇಸ್ತ್ರಿಯವನು ಗೇಟಿನ ಕಡೆ ಕೈ ತೋರಿಸಿದ. ಅದರಾಚೆ ನಿದ್ದೆಗೆಟ್ಟ ಕೆಂಪು ಕಣ್ಣಿನವನೊಬ್ಬ ಎರಡು ಕಿವಿಗೂ ಕೈ ಒತ್ತಿಕೊಂಡು ರಸ್ತೆಯ ತಿರುವು ದಾಟುತ್ತಿದ್ದ.

“ನಮ್ಮ ಹಳೇ ಮಾಲೀಕ ಕಣಣ್ಣ, ಕಾವಲುಗಾರ. ನನ್ನ ಕೋಣೆಗಳು ಖಾಲಿಯಾದ್ವಲ್ಲ, ನಿನಗೆ ಕೊಡಿಸೋಣ ಅಂತ ಮಧ್ಯಾಹ್ನವೇ ಹೇಳಿದ್ದೆ. ಬರೋನಿಗೆ ಮಾತೇ ಬರಲ್ಲ ಅಂದ ಕೂಡಲೇ ಹಿರಿಹಿರಿ ಹಿಗ್ಗಿ, ಅರ್ಧ ಬಾಡಿಗೆ ಸಾಕು ಅಂದ. ಆ ಮನೆ ಬೀಗದ ಕೈ ನನ್ನಿಂದ ಇಸಕೊಂಡು, ನೀನು ಇಲ್ಲಿಗೆ ಬಂದ್ರೆ ನೋಡಿ ಹೋಗ್ತೀನಿ ಅಂತ ನಿಂತಿದ್ದ.”

“ನಾನು ಇಲ್ಲಿಗೆ ಬರ್ತೀನಿ ಅಂತ ಅವನಿಗೆ ಹೇಗೆ ಗೊತ್ತು?”

“ಪೋಸ್ಟ್‌ಮ್ಯಾನ್ ಕಳಿಸಿದವರು ಐದಕ್ಕೆ ಬರ್ತಾರೆ, ಅದು ಕಟಿಂಗ್ ಶಾಪಿನವನೇ ಅಂತ ಯಜಮಾನ್ರು ಆಮೇಲೆ ಹೇಳಿದ್ರು. ಅಷ್ಟು ಹೊತ್ತಿಗೆ ನನ್ನ ಟ್ರಂಕು ಒಳಗೆ ಹೋಗಿತ್ತು. ನನಗೂ ಬೇಜಾರಾಯ್ತು, ಅದಕ್ಕೇ ಅವನನ್ನ ಕರೆಸಿದ್ದು.”

ಮುದುಕರು ಎದ್ದು ಒಳಗಿನಿಂದ ಇನ್ನೆರಡು ಕುರ್ಚಿ ತಂದು ಹಾಕಿದರು. “ಹೋಗ್ಲಿ, ಕೂತ್ಕೊಳ್ಳಿ. ಆ ಕಂಟ್ರಾಕ್ಟರ್ ನೊರೆ ಹಚ್ಚಿಕೊಂಡು ಬೀದಿಗೆ ಇಳಿದ ಅಂದ್ರಲ್ಲ, ಆಮೇಲೇನಾಯ್ತು?”

ರೇಡಿಯೋ ಬಾಯಿ ತೆರೆದವನು ಮತ್ತೆ ಮುಚ್ಚಿದ. ಅಪ್ಪಣೆ ಕೇಳುವವನಂತೆ ಹೆಂಡತಿಯ ಮುಖ ನೋಡಿದ. ಅವಳು ತಾನು ಎಣಿಸಿದ್ದ ಕಿಟಕಿಗಳನ್ನು ಇನ್ನೊಮ್ಮೆ ನೋಡಿ, ಕುರ್ಚಿಯಲ್ಲಿ ಕುಸಿದಳು.

“ಹೇಳಿ, ಹೇಳಿ,” ಎಂದಳು. “ಇನ್ನು ಕಳ್ಕೊಳ್ಳೋಕೆ ಯಾವ ಮನೆನೂ ಉಳಿದಿಲ್ಲ.”