ಒಂಟೆ ಕಟ್ಟಿಹಾಕಿದ ಕುದುರೆ

ಗಡಿಯಾರ ರಿಪೇರಿಯವನಿಗೆ ದವಡೆ ಹಲ್ಲಿನ ನೋವು. ನೋವಿಗಿಂತ ಹಲ್ಲಿನ ಡಾಕ್ಟರೆಂದರೆ ಭಯ. ಕೊನೆಗೆ ಹೆಂಡತಿಯ ತಮ್ಮ ಅವನನ್ನು ಕಳ್ಳನನ್ನು ಹಿಡಿದು ತರುವಂತೆ ತಂದು ಡಾಕ್ಟರ ಬಾಗಿಲ ಬೆಂಚಿನ ಮೇಲೆ ಕೂರಿಸಿದ.

ಈ ಡಾಕ್ಟರದು ವಿಚಿತ್ರ ಪದ್ಧತಿ. ಚೆಸ್ ಬಲ್ಲ ರೋಗಿ ಸಿಕ್ಕರೆ ಮೊದಲು ಆಟ, ಆಮೇಲೆ ಹಲ್ಲಿನ ಮಾತು. ಆಗಷ್ಟೇ ಸೋತ ದರ್ಜಿಯೊಬ್ಬ ಕೆನ್ನೆ ಹಿಡಿದುಕೊಂಡು ಹೊರಗೆ ನಡೆದ.

“ನೋಡಿದ್ರಾ ಭಾವ? ಸೋತ, ಹಲ್ಲು ಹೋಯ್ತು. ಗೆದ್ದೋರನ್ನ ಬಿಟ್ಟುಬಿಡ್ತಾರೆ ಅನ್ಸುತ್ತೆ.”

“ಅನ್ಸುತ್ತೋ, ಗೊತ್ತೋ?”

“ಗೆದ್ದೋರು ಇದ್ರೆ ತಾನೇ ಗೊತ್ತಾಗೋದು?”

ಒಳಗೆ ಮೇಜಿನ ಮೇಲೆ ಚೆಸ್ ಹಲಗೆ, ಪಕ್ಕದಲ್ಲೇ ಇಕ್ಕಳಗಳ ತಟ್ಟೆ. ಗಡಿಯಾರದವನು ಡಾಕ್ಟರ ಎದುರು ಆಟಕ್ಕೆ ಕೂತ, ಭಾವಮೈದುನ ಬೆನ್ನ ಹಿಂದೆ ನಿಂತ. ಮೇಜಿನಡಿ ಮೊಣಕಾಲುಗಳು ಒಂದಕ್ಕೊಂದು ಬಡಿದುಕೊಂಡವು. ಕೈ ಮಾತ್ರ ನಡುಗಲಿಲ್ಲ; ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಹಿಡಿದು ಅದಕ್ಕೆ ನಡುಗುವುದೇ ಮರೆತುಹೋಗಿತ್ತು.

ಸ್ವಲ್ಪದರಲ್ಲೇ ಡಾಕ್ಟರ ಒಂಟೆ ಓರೆಯಾಗಿ ಬಂದು ಅವನ ಕುದುರೆಯ ಮೇಲೆ ಕಣ್ಣಿಟ್ಟಿತು. ಕುದುರೆಯ ಹಿಂದೆ ಅದೇ ಓರೆಯಲ್ಲಿ ಅವನ ರಾಣಿ. ಕುದುರೆ ಕದಲಿದರೆ ರಾಣಿ ಹೋದಳು, ರಾಣಿ ಹೋದರೆ ಆಟ ಹೋಯಿತು, ಆಟ ಹೋದರೆ ಹಲ್ಲು.

“ಕಾಲಾಳು ತಳ್ಳಿ ಒಂಟೇನ ಓಡ್ಸಿ,” ಎಂದ ಭಾವಮೈದುನ. ತಳ್ಳಿದ. ಒಂಟೆ ಒಂದು ಮನೆ ಹಿಂದೆ ಸರಿದು ಮತ್ತೆ ಕುದುರೆಯನ್ನೇ ದುರುಗುಟ್ಟಿ ನೋಡಿತು.

ಸರದಿ ಕಾಯುತ್ತಿದ್ದ ಮೇಷ್ಟ್ರೊಬ್ಬರು ಬಾಗಿಲಿಂದಲೇ ಮೂಗು ತೂರಿಸಿದರು. “ರಾಣೀನ ಪಕ್ಕಕ್ಕೆ ತೆಗೀರಿ.”

“ಬೇಡ ಭಾವ, ಇನ್ನೊಂದ್ಸಲ ತಳ್ಳಿ.”

“ತಳ್ಳಿದ್ರೆ ರಾಜನ ಮುಂದೆ ಬಯಲಾಗುತ್ತಲ್ರೀ.”

“ಹಲ್ಲು ನಿಮ್ದಾ ಮೇಷ್ಟ್ರೇ, ಅವರ್ದಾ?”

ಡಾಕ್ಟರು ಇಕ್ಕಳವೊಂದನ್ನು ಎತ್ತಿ ಒರೆಸತೊಡಗಿದರು. ಗಡಿಯಾರದವನು ಅದನ್ನು ನೋಡಲಾರದೆ ಹಲಗೆಯನ್ನೇ ನೋಡಿದ. ಕುದುರೆಯ ಹಿಂದಿರುವುದು ರಾಣಿ, ರಾಜನಲ್ಲ. ರಾಜನಿದ್ದಿದ್ದರೆ ಕುದುರೆ ಕದಲುವಂತೆಯೇ ಇರಲಿಲ್ಲ. ಈಗ ಕದಲಬಹುದು, ಧೈರ್ಯವಿದ್ದರೆ. ಧೈರ್ಯವಿರಲಿಲ್ಲ, ಭಯದಲ್ಲೇ ಕದಲಿಸಿದ.

“ಚೆಕ್,” ಎಂದ ಕ್ಷೀಣವಾಗಿ.

ರಾಣಿಯತ್ತ ಚಾಚಿದ ಕೈಯನ್ನು ಡಾಕ್ಟರು ಹಿಂದೆ ತೆಗೆದು ಮೊದಲು ರಾಜನನ್ನು ಸರಿಸಬೇಕಾಯಿತು. ಕುದುರೆ ತೆರವು ಮಾಡಿದ ದಾರಿಯಲ್ಲಿ ರಾಣಿಯೇ ಹೋಗಿ ಒಂಟೆಯನ್ನು ಹೊಡೆದಳು. ಸ್ವಲ್ಪ ಹೊತ್ತಿಗೆ ಡಾಕ್ಟರ ರಾಜನಿಗೆ ನಿಲ್ಲಲು ಮನೆಯೇ ಉಳಿಯಲಿಲ್ಲ.

“ನಾನು ಹೇಳಿದ್ದೇ ಇದನ್ನ,” ಎಂದ ಭಾವಮೈದುನ.

ಗಡಿಯಾರದವನಿಗೆ ಹೋದ ಜೀವ ಬಂದಂತಾಯಿತು. ಎದ್ದು ಚಪ್ಪಲಿ ಹುಡುಕಿದ. ಡಾಕ್ಟರು ಪ್ರೀತಿಯಿಂದ ಅವನ ಹೆಗಲು ಹಿಡಿದರು.

“ಆಟ ಯಾಕೆ ಆಡಿಸ್ತೀನಿ ಗೊತ್ತಾ? ಹೆದರಿರೋರ ಬಾಯಿಗೆ ಕೈ ಹಾಕಲ್ಲ ನಾನು. ಹೆದರಿದೋರು ಸೋಲ್ತಾರೆ. ಅವರಿಗೆ ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಡ್ತೀನಿ. ಬೆಳಗ್ಗಿಂದ ಎಲ್ರೂ ಸೋತು ವಾಪಸ್ ಹೋದ್ರು. ನಿಮ್ಮದು ಗಟ್ಟಿ ಗುಂಡಿಗೆ. ಬನ್ನಿ, ಈಗಲೇ ಕಿತ್ತುಬಿಡೋಣ.”

ಭಾವಮೈದುನ ಹೆಮ್ಮೆಯಿಂದ ಅವನನ್ನು ಕುರ್ಚಿಗೆ ಒರಗಿಸಿದ. ತನ್ನಷ್ಟು ಪುಕ್ಕಲ ಈ ಭೂಮಿಯ ಮೇಲೇ ಇಲ್ಲವೆಂದು ಹೇಳಲು ಗಡಿಯಾರದವನು ಬಾಯಿ ತೆರೆದ.

“ಇನ್ನೂ ಸ್ವಲ್ಪ ದೊಡ್ಡದಾಗಿ,” ಎಂದರು ಡಾಕ್ಟರು.